ಕೊನೇ ಕೇಂದ್ರದ ದ್ವಾರಪಾಲಕ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 10.20

ಎಂಟನೆಯದೂ ಆಯಿತು. ತೂತು ಮುಚ್ಚುವ ಪ್ಯಾಚ್ ಇಳಿಯಿತು, ಸರ್ವರ್ ರೀಬೂಟ್ ಆಯಿತು, ಮರಳಿ ಬಂತು. ಎಂಟು ಊರು, ಎಂಟು ಕಣ್ಣಾಸ್ಪತ್ರೆ, ಕುರ್ಚಿ ಬಿಟ್ಟು ಏಳಲಿಲ್ಲ. ಬೆನ್ನು ಮಾತ್ರ ನನ್ನದಲ್ಲ ಎನ್ನುತ್ತಿದೆ.

ನಿನ್ನೆ ಅತ್ತೆ ಮತ್ತೆ ಕೇಳಿದರು. "ದಿನಾ ರಿಪೇರಿ ರಿಪೇರಿ ಅಂತೀಯ, ಕೈಗೆ ಒಂದು ಕಲೆಯೂ ಆಗಿರಲ್ಲ. ಏನಮ್ಮ ನಿನ್ನ ಕೆಲಸ?" ಬಿಡಿಸಿ ಹೇಳಿದೆ. ಪ್ರತಿ ಕೇಂದ್ರದಲ್ಲೂ ಒಂದೇ ಒಂದು ಸರ್ವರ್. ಅದು ಮನೆ. ಒಳಗಿರುವ ವರ್ಚುವಲ್ ಮಷಿನ್‌ಗಳು ಬಾಡಿಗೆದಾರರು. ಒಬ್ಬ ರೋಗಿಗಳ ವಿವರ ಇಡುತ್ತಾನೆ, ಇನ್ನೊಬ್ಬ ಕಣ್ಣಿನ ಸ್ಕ್ಯಾನ್‌ಗಳನ್ನು. ಮನೆ ರಿಪೇರಿ ಆಗುವಾಗ ಎಲ್ಲರೂ ಮಲಗಬೇಕು. ದೊಡ್ಡ ಆಸ್ಪತ್ರೆಯಲ್ಲಾದರೆ ಪಕ್ಕದ ಮನೆಗೆ ಕಳಿಸಬಹುದು. ನಮ್ಮವು ಒಂಟಿ ಮನೆಗಳು.

"ಒಂಟಿ ಮನೇಲಿ ಬಾಡಿಗೆಗೆ ಇರಬಾರದು," ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಉಳಿದದ್ದು ಒಂದೇ, ಕಣಿವೆಯಾಚೆಯ ಕೇಂದ್ರ. ಮಧ್ಯಾಹ್ನ ಅದನ್ನೂ ಮುಗಿಸಿ ಬೇಗ ಮನೆಗೆ ಹೋಗುವುದು.

ಅದೇ ದಿನ. ಸಂಜೆ 6.10

ಬೇಗ ಮನೆಗಂತೆ.

ರಿಪೇರಿ ಮೋಡ್‌ಗೆ ಹಾಕಿದೆ. ಬಾಡಿಗೆದಾರರು ಒಬ್ಬೊಬ್ಬರೇ ಮಲಗಿದರು. ಕೊನೆಯವನು ಮಲಗಿದ ಕೂಡಲೇ ನನ್ನ ಲೈನ್ ಕಟ್. ಪ್ಯಾಚ್ ಅರ್ಧ ದಾರಿಯಲ್ಲಿ. ಹತ್ತು ನಿಮಿಷ ಕಾದೆ... ಇಪ್ಪತ್ತು... ಸರ್ವರ್ ಇಲ್ಲ. ಕೇಂದ್ರವೇ ಇಲ್ಲ. ನೀರಿಗೆ ಕಲ್ಲು ಹಾಕಿದ ಹಾಗೆ.

ಅಲ್ಲಿನ ಹಿರಿಯ ನರ್ಸ್‌ಗೆ ಫೋನ್ ಮಾಡಿದೆ. ಎಲ್ಲರಿಗೂ ಅವರು ಸಿಸ್ಟರ್. ಅವರಿಗೆ ನಾನು ತಂಗಿ, ಇದುವರೆಗೆ ಮುಖ ನೋಡಿಲ್ಲ. ಪವರ್ ಆಫ್ ಮಾಡಿ ಆನ್ ಮಾಡಿಸಿದೆ. ಉಪಯೋಗವಿಲ್ಲ, ಈ ಪುಣ್ಯಾತ್ಮ ಸರ್ವರ್ ರಿಪೇರಿ ಮೋಡ್‌ನಲ್ಲೇ ಎದ್ದು ಕೂತ. ಕೊನೆಗೆ ಒಂದು ಸಾಲಿನ ಕಮಾಂಡನ್ನು ಅಕ್ಷರ ಅಕ್ಷರ ಹೇಳಿ ಬರೆಸಿದೆ.

"ಅಡ್ಡಗೆರೆ ಒಂದಾ ಎರಡಾ?"

"ಎರಡು, ಸಿಸ್ಟರ್."

"ಮೊದಲೇ ಹೇಳಬಾರದಾ? ಕಣ್ಣಿಗೆ ಹನಿ ಹಾಕುವಾಗ ಒಂದಾ ಎರಡಾ ಅಂತ ಆಮೇಲೆ ಹೇಳ್ತಾರಾ ಯಾರಾದ್ರೂ?"

ಎಲ್ಲ ಎದ್ದರು. ಬದುಕಿದೆ. ಆದರೆ ಪ್ಯಾಚ್ ಇಲ್ಲ, ಕಾರಣವೂ ಗೊತ್ತಿಲ್ಲ.

ಮಾರ್ಚ್ 5, ಬುಧವಾರ. ಬೆಳಿಗ್ಗೆ

ಕಾರಣ ಸಿಕ್ಕಿತು. ನಗಬೇಕೋ ಅಳಬೇಕೋ.

"ಸಿಸ್ಟರ್, ರ‍್ಯಾಕ್‌ನಲ್ಲಿ ರೂಟರ್ ಲೈಟ್ ಯಾವ ಬಣ್ಣ ಇದೆ?"

"ರೂಟರ್ ಎಲ್ಲಿದೆ ತಂಗಿ? ಹೋದ ವರ್ಷ ಸಿಡಿಲಿಗೆ ಸುಟ್ಟೋಯ್ತಲ್ಲ. ಈಗ ಬಾಗಿಲು ಬಡೀಬಾರದು ಅಂತ ಒತ್ತು ಇಟ್ಕೊಂಡಿದೀವಿ. ಒಳ್ಳೆ ಭಾರ ಇದೆ."

ನನಗಿಂತ ಮುಂಚೆ ಇದ್ದವನ ಕೈಚಳಕ. ಏನು ಕೇಳಿದರೂ 'ಆಗೋಯ್ತು ಬಿಡಿ' ಎನ್ನುತ್ತಿದ್ದನಂತೆ, ಆಫೀಸಿನಲ್ಲಿ ಅಡ್ಡಹೆಸರೇ ಆಗೋಯ್ತಪ್ಪ. ರೂಟರ್ ಸುಟ್ಟಾಗ ಹೊಸದು ಬರುವವರೆಗೆ ಎಂದು ಸರ್ವರ್ ಒಳಗೇ ಒಂದು ವರ್ಚುವಲ್ ರೂಟರ್ ಕಟ್ಟಿದ್ದಾನೆ. ತಾತ್ಕಾಲಿಕವಾಗಿ. ನಮ್ಮಲ್ಲಿ ತಾತ್ಕಾಲಿಕ ಎಂದರೆ ಮೊಮ್ಮಕ್ಕಳ ಕಾಲದವರೆಗೆ ಎಂದರ್ಥ.

ಅಂದರೆ ಆ ರೂಟರ್, ಕೇಂದ್ರದ ದ್ವಾರಪಾಲಕನೇ, ಒಬ್ಬ ಬಾಡಿಗೆದಾರ. ನಾನು ಒಳಗೆ ಹೋಗುವುದು ಅವನ ಮೂಲಕ. ಅವನು ಮಲಗದೆ ರಿಪೇರಿ ಇಲ್ಲ. ಅವನು ಮಲಗಿದರೆ ನಾನಿಲ್ಲ. ಕೂತ ಕೊಂಬೆಯನ್ನೇ ಕಡಿದಿದ್ದೇನೆ, ಅದೂ ನಿನ್ನೆ ಶಿಳ್ಳೆ ಹಾಕುತ್ತ.

ಮಾರ್ಚ್ 5. ಮಧ್ಯಾಹ್ನ 4

ಸಾಹೇಬರ ರೂಮಿನಿಂದ ಈಗ ಬಂದೆ. ಮೈ ಉರಿಯುತ್ತಿದೆ.

ಸಾಹೇಬರ ಆದೇಶ: ಬರುವ ಸೋಮವಾರದಿಂದ, ಪ್ಯಾಚ್ ಆಗದ ಯಾವ ಸರ್ವರ್ರೂ ನೆಟ್‌ವರ್ಕ್‌ನಲ್ಲಿ ಇರಕೂಡದು. ಅದು ನ್ಯಾಯವೇ, ಕಳ್ಳರು ನುಗ್ಗುವ ತೂತು ಅದು. ಆದರೆ ನೆಟ್‌ವರ್ಕ್ ಇಲ್ಲದಿದ್ದರೆ ಅಲ್ಲಿನ ಸ್ಕ್ಯಾನ್‌ಗಳನ್ನು ಇಲ್ಲಿನ ಡಾಕ್ಟರ್ ನೋಡುವ ಹಾಗಿಲ್ಲ. ಅವರು ನೋಡಿ ಹೇಳದೆ ಅಲ್ಲಿನ ಸರ್ಜನ್ ಆಪರೇಶನ್ ಮಾಡುವುದಿಲ್ಲ. ಕಣಿವೆ ರಸ್ತೆ ಕುಸಿದಿದೆ, ಬಸ್ ನಿಂತಿದೆ. ನಾನು ಅಲ್ಲಿಗೆ ಹೋಗಲಾರೆ, ರೋಗಿಗಳು ಇಲ್ಲಿಗೆ ಬರಲಾರರು.

ಟೈ ಕಟ್ಟಿದ ಇಬ್ಬರು ಕೂತಿದ್ದರು, ಹೊರಗಿನ ಕಂಪನಿಯವರು. "ರಿಮೋಟ್‌ನಲ್ಲಿ ಸಾಧ್ಯವೇ ಇಲ್ಲ ಸರ್. ರಸ್ತೆ ಸರಿಯಾದ ಮೇಲೆ ಹೊಸ ಸರ್ವರ್ ಹಾಕಿ ಕೊಡ್ತೀವಿ. ಅಲ್ಲಿವರೆಗೆ ಆಪರೇಶನ್ ಮುಂದೂಡಿ." ಕಣ್ಣನ್ನು ಮುಂದೂಡಬೇಕಂತೆ.

ಹೊರಗೆ ಬಂದು ಫೋನಿನಲ್ಲಿ ಸಿಸ್ಟರ್‌ಗೆ ಹೇಳಿದೆ. ರಿಜಿಸ್ಟರ್ ತಿರುವುವ ಸದ್ದು. ಆಮೇಲೆ: "ಇಲ್ಲೊಬ್ಬರು ಬಸ್ ಡ್ರೈವರ್ ಇದಾರೆ. ಎರಡೂ ಕಣ್ಣಲ್ಲಿ ಪೊರೆ. ರಸ್ತೆ ತೆರೆಯೋದ್ರೊಳಗೆ ಸರಿಯಾದ್ರೆ ಅವರ ಬಸ್ ಅವರಿಗೆ. ಇಲ್ಲಾಂದ್ರೆ ಡಿಪೋದಲ್ಲಿ ಬಸ್ ತೊಳೆಯೋ ಕೆಲಸ. ಮಂಗಳವಾರ ಡೇಟ್ ಕೊಟ್ಟಿದೀನಿ. ಏನು ಹೇಳಲಿ?"

"ಏನೂ ಹೇಳಬೇಡಿ," ಎಂದೆ. ತಿರುಗಿ ಹೋಗಿ ಸಾಹೇಬರ ಬಾಗಿಲು ತಟ್ಟಿದೆ. ಭಾನುವಾರದವರೆಗೆ ಸಮಯ ಕೊಡಿ ಎಂದೆ.

"ಎದ್ದೇಳದಿದ್ರೆ?"

"ಏಳತ್ತೆ ಸರ್."

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೇಗೆ ಏಳುತ್ತದೆ ಎಂದು ನನಗೇ ಗೊತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಉಪಾಯ ಇದು. ಪ್ಯಾಚ್ ಫೈಲನ್ನು ಮೊದಲೇ ಕಳಿಸಿ ಸರ್ವರ್‌ನ ಡಿಸ್ಕ್‌ನಲ್ಲೇ ಇಟ್ಟುಬಿಡುವುದು. ಆಯಿತು, ಇಟ್ಟಿದ್ದೇನೆ. ಜೊತೆಗೆ ಒಂದು ಸ್ಕ್ರಿಪ್ಟ್, ಸರ್ವರ್ ತಾನೇ ಓದಿ ಮಾಡುವ ಆದೇಶಗಳ ಪಟ್ಟಿ: ಎಲ್ಲರನ್ನೂ ಮಲಗಿಸು, ಪ್ಯಾಚ್ ಹಾಕಿಕೋ, ರೀಬೂಟ್ ಆಗು, ಗೆಲ್ಲಲಿ ಸೋಲಲಿ ರಿಪೇರಿ ಮೋಡ್‌ನಿಂದ ಹೊರಗೆ ಬಾ, ದ್ವಾರಪಾಲಕನನ್ನು ಮೊದಲು ಎಬ್ಬಿಸು. ನಾನು ಇಲ್ಲದೆಯೇ ಎಲ್ಲ ನಡೆಯಬೇಕು. ಮಗುವನ್ನು ಮೊದಲ ಸಲ ಶಾಲೆಗೆ ಒಂಟಿಯಾಗಿ ಕಳಿಸಿದ ಹಾಗೆ.

ಗೋಡೌನ್‌ನಿಂದ ಒಂದು ಹಳೇ ಸರ್ವರ್ ಎಳೆದು ತಂದು, ಧೂಳು ಒರೆಸಿ, ಪರೀಕ್ಷೆ. ಮಲಗಿಸಿತು. ಪ್ಯಾಚ್ ಹಾಕಿಕೊಂಡಿತು. ರೀಬೂಟ್. ಆಮೇಲೆ ಸುಮ್ಮನೆ ಕೂತಿತು, ಮುಂದಿನ ಸಾಲು ಓದಲೇ ಇಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ. ನೋಡಿದರೆ ನನ್ನ ಸ್ಕ್ರಿಪ್ಟೇ ಮಾಯ. ರೀಬೂಟ್ ಎಂದರೆ ಅದಕ್ಕೆ ಪುನರ್ಜನ್ಮ, ಹಿಂದಿನ ಜನ್ಮದ್ದು ಏನೂ ನೆನಪಿಲ್ಲ.

ಸಂಜೆ ಮನೆಯಲ್ಲಿ ಸಿಡಿಮಿಡಿ. ಅತ್ತೆ ಗಮನಿಸಿದರು.

"ಯಾಕೆ, ಮುಖ ಹುಳಿ ಹುಳಿ?"

"ಅದಕ್ಕೆ ಎಷ್ಟು ಹೇಳಿದ್ರೂ, ಮಲಗಿ ಎದ್ದ ಮೇಲೆ ಏನೂ ನೆನಪಿರಲ್ಲ ಅತ್ತೆ."

"ನನ್ನ ಮಗನ ಹಾಗೇನೆ. ಅವನಿಗೆ ಚೀಟಿನ ಜೇಬಲ್ಲಿಟ್ರೆ ಪ್ರಯೋಜನ ಇಲ್ಲ ಅಂತ ನಾನು ಕನ್ನಡಿಗೆ ಅಂಟಿಸ್ತೀನಿ. ಎದ್ದ ಕೂಡ್ಲೆ ಅಲ್ಲೇ ತಾನೆ ಮುಖ ನೋಡ್ಕೊಳ್ಳೋದು?"

ನನ್ನವರು ಪೇಪರ್ ಹಿಂದಿನಿಂದ, "ನಾನು ಇಲ್ಲೇ ಇದೀನಿ," ಎಂದರು. ಯಾರೂ ಲಕ್ಷ್ಯ ಕೊಡಲಿಲ್ಲ.

ಸರ್ವರ್ ಎದ್ದ ಕೂಡಲೇ ತಾನಾಗಿ ಓದುವ ಒಂದು ಫೈಲ್ ಇದೆ. ಇಷ್ಟು ವರ್ಷದಲ್ಲಿ ಮುಟ್ಟಿರಲಿಲ್ಲ. ಅದೇ ಕನ್ನಡಿ. ಉಳಿದ ಅರ್ಧ ಸ್ಕ್ರಿಪ್ಟ್ ಅಲ್ಲಿಗೆ.

ಮಾರ್ಚ್ 8, ಶನಿವಾರ

ಹಳೇ ಸರ್ವರ್ ಎದ್ದಿತು. ತಾನಾಗಿ. ಬೇಕೆಂದೇ ಪ್ಯಾಚ್ ಕೆಡಿಸಿ ನೋಡಿದೆ, ಆಗಲೂ ಎದ್ದಿತು. ನಡುವೆ ವೈರ್ ಕಿತ್ತೆ, ಆಗಲೂ. ಸಾಕು. ನಾಳೆ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 10.55

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಕೇಂದ್ರಕ್ಕೆ ರಜೆ, ಆದರೂ ಸಿಸ್ಟರ್ ಸರ್ವರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ, ಫೋನ್ ಸ್ಪೀಕರ್‌ನಲ್ಲಿ. ಅತ್ತೆ ನನ್ನ ಎದುರು. ಒತ್ತುತ್ತೇನೆ.

11.04

ಲೈನ್ ಕಟ್. ಈ ಸಲ ಕಟ್ ಆಗಬೇಕಾದದ್ದೇ.

11.20

ಸಿಸ್ಟರ್: "ಫ್ಯಾನ್ ಸದ್ದು ನಿಂತೋಯ್ತು." ...

"ಮತ್ತೆ ಶುರುವಾಯ್ತು. ಜೋರಾಗಿದೆ."

ರೀಬೂಟ್ ಆಗಿದೆ. ಎದ್ದು ಕನ್ನಡಿ ನೋಡಿಕೋ ಮಾರಾಯ.

11.38

ಇಲ್ಲ. ಹಳೇ ಸರ್ವರ್ ಇಷ್ಟು ಹೊತ್ತಿಗೆ ಎದ್ದಿತ್ತು. ಸಾಹೇಬರ ಮೆಸೇಜ್, ಬರೀ ಪ್ರಶ್ನಾರ್ಥಕ ಚಿಹ್ನೆ. ಉತ್ತರಿಸಿಲ್ಲ. ಡ್ರೈವರ್ ಕೈಯಲ್ಲಿ ಬಕೆಟ್ ಹಿಡಿದು ಬಸ್ ತೊಳೆಯುವುದು ಕಣ್ಣಿಗೆ ಕಟ್ಟುತ್ತಿದೆ. ಪವರ್ ಬಟನ್ ಒತ್ತಲಾ ಎಂದು ಸಿಸ್ಟರ್ ಕೇಳುತ್ತಿದ್ದಾರೆ. ಬೇಡ. ಯಾರೂ ಮುಟ್ಟಬೇಡಿ. ಒಳಗಿರುವವನು ಕೆಲಸ ಮಾಡುತ್ತಿದ್ದಾನೆ, ಅಡ್ಡ ಬರಬಾರದು. ಅತ್ತೆ ಎದ್ದು ಹೋಗಿ ನೀರು ತಂದಿಟ್ಟರು.

11.47

ಬಂತು.

ಒಂದು ಪಿಂಗ್, 'ಇದ್ದೇನೆ' ಎಂಬ ಉತ್ತರ. ಇನ್ನೊಂದು. ಆಮೇಲೆ ಸಾಲಾಗಿ. ದ್ವಾರಪಾಲಕ ಮೊದಲು, ಅವನ ಹಿಂದೆ ಉಳಿದವರು. ಹೊಸ ವರ್ಷನ್ ನಂಬರ್ ಪರದೆ ಮೇಲೆ. ಮೂರು ಸಲ ಓದಿದೆ. ನನ್ನದೇ. ನಾನು ಮಾಡಿದ್ದು. ಕುರ್ಚಿಯಿಂದ ಎದ್ದು ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. "ಇಳಿಸೇ, ಸೊಂಟ," ಎಂದರು, ನಗುತ್ತ. ಫೋನಿನಲ್ಲಿ ಸಿಸ್ಟರ್ ಮೂಗು ಒರೆಸಿಕೊಳ್ಳುವ ಸದ್ದು.

"ಮಂಗಳವಾರದ ಡೇಟ್ ಹಾಗೇ ಇರತ್ತೆ ತಾನೆ ತಂಗಿ?"

"ಹಾಗೇ ಇರತ್ತೆ ಸಿಸ್ಟರ್."

ಸಾಹೇಬರಿಗೆ ವರ್ಷನ್ ನಂಬರಿನ ಫೋಟೋ ಕಳಿಸಿದೆ, ಬೇರೇನೂ ಬರೆಯಲಿಲ್ಲ. ಬೇಕಿದ್ದರೆ ಟೈಗಳಿಗೂ ತೋರಿಸಿಕೊಳ್ಳಲಿ. ಜಂಬ ಬಂದಿದೆ, ಹೌದು. ಇವತ್ತು ಒಂದು ದಿನ ಇರಲಿ.

ಏಪ್ರಿಲ್ 22, ಮಂಗಳವಾರ. ಬಸ್ಸಿನಲ್ಲಿ

ಅಕ್ಷರ ಸೊಟ್ಟ, ಬಸ್ ಕುಲುಕುತ್ತಿದೆ. ರಸ್ತೆ ಮೊನ್ನೆ ತೆರೆಯಿತು. ಮಡಿಲಲ್ಲಿ ಹೊಸ ರೂಟರ್, ನಿಜವಾದ್ದು. ದ್ವಾರಪಾಲಕನಿಗೆ ಇವತ್ತು ನಿವೃತ್ತಿ. ಸುಟ್ಟ ರೂಟರ್ ಮಾತ್ರ ಕೊಡಲ್ಲ ಎಂದಿದ್ದಾರೆ ಸಿಸ್ಟರ್, ಬಾಗಿಲಿಗೆ ಅದೇ ಬೇಕಂತೆ.

ಡ್ರೈವರ್ ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಹೊರಟಾಗಿನಿಂದ ದಾರಿಯ ಪ್ರತಿ ಬೋರ್ಡನ್ನೂ ಗಟ್ಟಿಯಾಗಿ ಓದುತ್ತಿದ್ದಾರೆ. "ನಿಧಾನವಾಗಿ ಚಲಿಸಿ." "ಮುಂದೆ ಕಿರಿದಾದ ಸೇತುವೆ." "ಟೈರ್ ಪಂಕ್ಚರ್ ಹಾಕಲಾಗುವುದು."

ಕಂಡಕ್ಟರ್‌ಗೆ ಸಾಕಾಗಿದೆ. "ಅಣ್ಣ, ನಮಗೂ ಓದೋಕೆ ಬರತ್ತೆ."

"ನೀವು ಓದಿ. ನಾನೂ ಓದ್ತೀನಿ."

ನಾನು ಯಾರೆಂದು ಹೇಳಿಕೊಂಡಿಲ್ಲ. ಹೇಳುವುದೂ ಇಲ್ಲ. ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡೆ, ಅಷ್ಟೇ. ಮುಂದೆ ತಿರುವಿನಲ್ಲಿ ಇನ್ನೊಂದು ಬೋರ್ಡ್. ತುಂಬ ದೂರ, ಚಿಕ್ಕ ಅಕ್ಷರ, ಕನ್ನಡಕ ಇದ್ದರೂ ನನಗೆ ಓದಲಾಗುತ್ತಿಲ್ಲ. ಅವರು ಆಗಲೇ ಗಟ್ಟಿಯಾಗಿ ಓದುತ್ತಿದ್ದಾರೆ.