ಕೈಯಲ್ಲಿಲ್ಲದ ಖಡ್ಗದ ಏಳು

ಪಾಯ್ಸಾಂಡು, ಆಗಸ್ಟ್ 9

ಪ್ರೀತಿಯ ಇರ್ಮಾ ಅಕ್ಕಾ,

ಮಂಡಿನೋವು ಹೇಗಿದೆ? ರಿವೇರಾದ ಚಳಿಗೆ ಉಣ್ಣೆಯ ಕಾಲ್ಚೀಲ ಹಾಕಿಕೊಳ್ಳುತ್ತಿದ್ದೀ ತಾನೆ? ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಇನ್ನೂ ಕಟ್ಟಿಕೊಂಡೇ ಇತ್ತು. ನೆಗಡಿ ಎಂದೆ ನೀನು. ಇರಲಿ, ಮೊದಲು ನನ್ನ ಸುದ್ದಿ ಕೇಳು. ನಿನ್ನೆ ಡಾಕ್ಟರ್ ಸೊಲೆದಾದ್ ನನ್ನ ಬಾಯಿ ನೋಡಿ, ಕುತ್ತಿಗೆಯನ್ನೆಲ್ಲ ಒತ್ತಿ ನೋಡಿ, ಎಲ್ಲೂ ಏನೂ ಕಾಣುತ್ತಿಲ್ಲ ಎಂದರು. ಆಗಾಗ ಬಂದು ತೋರಿಸುತ್ತಿರಬೇಕು, ಅಷ್ಟೆ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಖುಷಿಗೇ ಅತ್ತದ್ದು.

ಹೋದ ವರ್ಷ ಕಾರ್ನಿವಲ್‌ಗೆ ನೀನು ಬಂದಾಗ ಪಕ್ಕದ ಮನೆಯ ಕ್ಲೆರಿಯೊ ದಂಪತಿಯ ಎದುರು ನಾವಿಬ್ಬರೂ ಜೊತೆಯಾಗಿ ಟ್ರೂಕೊ ಇಸ್ಪೀಟು ಆಡಲು ಕೂತೆವಲ್ಲ, ಅದೇ ನೆನಪಾಯಿತು. ಆ ಆಟದಲ್ಲಿ ಖಡ್ಗದ ಏಳರಂಥ ದೊಡ್ಡ ಎಲೆ ಬಂದರೆ ಬಾಯಿ ಬಲಕ್ಕೆ ಸೊಟ್ಟ ಮಾಡಿ ಜೊತೆಗಾರನಿಗೆ ಸನ್ನೆ ಮಾಡಬೇಕೆಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳೇ ನೀನು. ಅವತ್ತು ನಾನು ಕೊಳವೆಯಲ್ಲಿ ಬಿಸಿ ಮಾಟೆ ಕಷಾಯ ಹೀರಿದೆ, ನಾಲಿಗೆ ಚುರ್ ಎಂದು ಬಾಯಿ ತಾನಾಗಿ ಬಲಕ್ಕೆ ತಿರುಗಿತು. ನೀನು ಮೇಜು ಗುದ್ದಿ ಪಂಥ ಏರಿಸಿದೆ. ಸೋತೆವು. ಮತ್ತೆ ಹೀರಿದೆ, ಮತ್ತೆ ಸೋತೆವು. "ಏಳಿದೆ ಅಂತ ಸನ್ನೆ ಮಾಡ್ತೀಯ, ಇಳಿಸೋದು ನೋಡಿದ್ರೆ ಗೊಡ್ಡು ಎಲೆ! ಕುಡಿದಿದೀಯೇನೋ ಕತ್ತೆ?" ಎಂದು ಎಲ್ಲರೆದುರು ಮಾನ ಕಳೆದೆ. ನಾಲಿಗೆಗೆ ಹಲ್ಲು ತಗುಲಿ ಹುಣ್ಣಾಗಿದೆ, ಕ್ರಿಸ್ಮಸ್ಸಿನಿಂದ ಹೀಗೇ ಎಂದು ನಾನು ಹೇಳಿದ್ದೇ ತಡ, ನೀನು ಎಲೆ ಕೆಳಗಿಟ್ಟು ಟಾರ್ಚ್ ತಂದೆ. "ಬಾಯ್ ತೆಗಿ. ನಾಲ್ಗೆ ಚಾಚು. ಅಯ್ಯೋ, ಅಂಚೆಲ್ಲ ಗಟ್ಟಿಯಾಗಿದೆಯಲ್ಲೋ!"

ಮರುದಿನ ಕಿವಿ ಹಿಂಡುವುದೊಂದೇ ಬಾಕಿ, ಹಾಗೆ ನನ್ನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದು ಬಂತು. ಮೊಂಟೆವಿಡಿಯೊದಲ್ಲಿ ನಾಲಿಗೆಯ ಒಂದು ಪಕ್ಕ ತೆಗೆದರು, ಕುತ್ತಿಗೆಯ ಗಂಟುಗಳನ್ನೂ ತೆಗೆದರು, ಆಮೇಲೆ ಕಿರಣ ಕೊಟ್ಟರು. ಬಾಯೆಲ್ಲ ಬೆಂದುಹೋದ ಆ ದಿನಗಳಲ್ಲಿ ನೀನು ಕುಂಬಳಕಾಯಿ ಅರೆದು ಚಮಚದಲ್ಲಿ ತಿನ್ನಿಸಿದ್ದನ್ನು ಮರೆಯಲಾರೆ. ಮಾತು ಕಲಿಸುವ ಹುಡುಗಿ ನಿಮಗಿಷ್ಟವಾದ ಪದ ಹೇಳಿ ಎಂದಾಗ "ಟ್ರೂಕೊ!" ಎಂದು ಕೂಗಿದೆ. ಅದು ತೊದಲಾಗಿ ಬಂತು, ವಾರ್ಡಿಗೆ ವಾರ್ಡೇ ನಕ್ಕಿತು. ಈಗ ಮಾಟೆಯನ್ನು ಆರಿಸಿ ಕುಡಿಯುತ್ತೇನೆ, ಸಿಗರೇಟು ಮುಟ್ಟುವುದಿಲ್ಲ. ಈ ಜೀವ ನೀನು ಉಳಿಸಿಕೊಟ್ಟದ್ದು, ಅಕ್ಕ.

ಭಾವನಿಗೂ ಮಕ್ಕಳಿಗೂ ನನ್ನ ಅಪ್ಪುಗೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ವಾಲ್ದೆಮಾರ್

ಮರೆತೆ: ಜೂನ್‌ನಲ್ಲಿ ಸಂತ ಹ್ವಾನರ ಬೆಂಕಿಹಬ್ಬದ ದಿನವೂ ನಿನ್ನ ದನಿ ಹೀಗೇ ಇತ್ತು. ಡಾಕ್ಟರನ್ನು ಕೇಳಿದೆ. "ಮೂರು ವಾರ ದಾಟಿದ್ರೆ ನೆಗಡಿ ಅನ್ಕೊಂಡು ಕೂರಬಾರ್ದು. ನಿಮ್ಮಕ್ಕ ಸಿಗರೇಟು ಸೇದ್ತಾರೆ ಬೇರೆ. ಕರ್ಕೊಂಡು ಬನ್ನಿ" ಎಂದರು. ಮುಂದಿನ ಮಂಗಳವಾರ ಬೆಳಿಗ್ಗೆಗೆ ನಿನ್ನ ಹೆಸರು ಬರೆಸಿದ್ದೇನೆ. ಸೋಮವಾರದ ಬಸ್ಸಿಗೆ ಬಾ, ನಿಲ್ದಾಣದಲ್ಲಿ ನಿಂತಿರುತ್ತೇನೆ. ಬರೀ ನೆಗಡಿಯಾಗಿದ್ದರೆ ಆಸ್ಪತ್ರೆಯಿಂದ ಮನೆಯವರೆಗೂ ನನ್ನನ್ನು ಬೈಯುತ್ತಾ ಬಾ. ಆ ಬೈಗುಳ ಇನ್ನೂ ಬಹಳ ವರ್ಷ ಕೇಳಬೇಕು ಅಕ್ಕ, ಅದಕ್ಕೇ ಕರೆಯುತ್ತಿದ್ದೇನೆ.