ನಾಲ್ಕು ಗಂಟೆಗೊಂದು ಅಳತೆ

ಬ್ರೋಕನ್ ಹಿಲ್
ಆಗಸ್ಟ್ 11, ಸೋಮವಾರ

ಪ್ರೀತಿಯ ಮಗಳು ಕೆರಿನ್‌ಗೆ,

ಹೇಗಿದ್ದೀಯಮ್ಮ? ದಿನವಿಡೀ ನಿಂತು ಕೆಲಸ ಮಾಡಿ ಬರುತ್ತಿದ್ದ ಕಾಲುನೋವು ಕಡಿಮೆಯಾಯಿತೇ? ಪಿಪ್ಪಾಳ ಕೈ ಪೂರ್ತಿ ಕೂಡಿಕೊಂಡಿದೆಯೇ, ಪೆನ್ಸಿಲ್ ಹಿಡಿಯುವಾಗ ನೋಯುತ್ತದೆಯೇ? ಏಳು ವರ್ಷದ ಮಕ್ಕಳ ಮೂಳೆ ಬೇಗ ಕೂಡುತ್ತದೆ ಎಂದು ಇಲ್ಲಿನ ಡಾಕ್ಟರು ಹೇಳಿದ್ದರು. ಈಗಲೂ ಕಾರು ಹತ್ತಲು ಹೆದರುತ್ತಾಳೋ ಏನೋ, ಅದು ನನಗೆ ಗೊತ್ತಿಲ್ಲ. ಪರ್ತ್‌ಗೆ ಹೋದ ಮೇಲೆ ನೀನು ನನ್ನ ನಂಬರನ್ನೂ ಅಮ್ಮನ ನಂಬರನ್ನೂ ಬ್ಲಾಕ್ ಮಾಡಿದ್ದೀ. ತಪ್ಪು ಎನ್ನುವುದಿಲ್ಲ. ನಿನ್ನಮ್ಮ ಕುಡಿದು ಕಾರು ಓಡಿಸಿ, ನಿನ್ನ ಮಗು ಕೂತಿದ್ದ ಕಡೆಯನ್ನೇ ದೀಪದ ಕಂಬಕ್ಕೆ ಗುದ್ದಿಸಿದಳು. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಹರಿಯುವ ಮೊದಲು ಒಂದು ಸಲ ಓದು.

ಜೂನ್ ಕೊನೆಯಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಶನಿವಾರ ಮನೆಯೆಲ್ಲ ಜಾಲಾಡಿ, ಬಟ್ಟೆ ಒಗೆಯುವ ಮೆಷಿನ್ ಹಿಂದೆ, ನಾಯಿಯ ಆಹಾರದ ಚೀಲದಲ್ಲಿ, ನನ್ನ ಗಣಿಯ ಹಳೇ ಬೂಟಿನೊಳಗೆ ಇದ್ದಬದ್ದ ಬಾಟಲಿಗಳನ್ನೆಲ್ಲ ತೆಗೆದು ಸಿಂಕಿಗೆ ಸುರಿದುಬಿಟ್ಟೆ. ಅಮ್ಮ ನೋಡುತ್ತ ನಿಂತಿದ್ದಳು. ಕೊನೆಗೂ ಗಂಡಸಾಗಿ ಒಂದು ಕೆಲಸ ಮಾಡಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ದಿನ ಬೆವತಳು, ನಡುಗಿದಳು, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದಳು. ಸೋಮವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ಬಿದ್ದಳು. ಕೈಕಾಲು ಸೆಟೆದುಕೊಂಡಿದ್ದವು, ಕಣ್ಣು ಮೇಲಾಗಿದ್ದವು, ನಾಲಿಗೆ ಕಚ್ಚಿಕೊಂಡು ಬಾಯ ತುಂಬ ರಕ್ತ. ಮೂವತ್ತು ವರ್ಷ ಭೂಮಿಯೊಳಗೆ ಕೆಲಸ ಮಾಡಿದವನು ನಾನು, ಛಾವಣಿ ಕುಸಿದದ್ದನ್ನೂ ಕಂಡಿದ್ದೇನೆ. ಅವತ್ತು ಹೆದರಿದಷ್ಟು ಯಾವತ್ತೂ ಹೆದರಿರಲಿಲ್ಲ. ಆಸ್ಪತ್ರೆಯಲ್ಲಿ ನಿನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದಳು, "ಯಾರು ಕುಡಿಯೋದನ್ನ ಒಂದೇ ಸಲಕ್ಕೆ ನಿಲ್ಲಿಸಿದ್ದು?" ನಾನೇ ಎಂದೆ. "ಇಷ್ಟು ವರ್ಷ ಕುಡಿದವ್ರಿಗೆ ಹಾಗೆ ನಿಲ್ಸಿದ್ರೆ ಜೀವಾನೇ ಹೋಗ್ಬಹುದು, ಗೊತ್ತಾ? ಔಷಧಿ ಕೊಟ್ಕೊಂಡು ಪಕ್ಕದಲ್ಲೇ ಇದ್ದು ನೋಡ್ಕೊಳ್ಳೋರು ಬೇಕು." ಒಳ್ಳೆಯದು ಮಾಡಲು ಹೋಗಿ ನಿನ್ನಮ್ಮನನ್ನು ಕೊಲ್ಲುವುದರಲ್ಲಿದ್ದೆ, ಕೆರಿನ್.

ಅಲ್ಲಿ ಇರಿಸಿಕೊಳ್ಳುತ್ತಿದ್ದರು. ಅವಳೇ ಎರಡನೇ ದಿನ ಎದ್ದು, ಆಸ್ಪತ್ರೆಯ ಕಾಲುಚೀಲದಲ್ಲೇ ನಡೆದುಕೊಂಡು ಮನೆಗೆ ಬಂದಳು. "ಪಕ್ಕದ ಹಾಸಿಗೇಲಿ ಕೆರಿನ್‌ಗೆ ಒಂದನೇ ಕ್ಲಾಸಲ್ಲಿ ಪಾಠ ಹೇಳಿದ ಟೀಚರ್ ಮಲಗಿದಾರೆ. ಅವರ ಎದುರಿಗೆ ನಡುಗ್ತಾ ಮಲ್ಕೊಳ್ಳಲಾ?" ಅಂದಳು. ಬರುವ ದಾರಿಯಲ್ಲೇ ಬಾಟಲಿ ಕೊಂಡಿದ್ದಳು. ಆದರೆ ಆ ವಾರವೇ ಒಂದು ಮಧ್ಯಾಹ್ನ ನಾನು ಆಲೂಗಡ್ಡೆ ಸುಲಿಯುತ್ತಿದ್ದಾಗ ಬಂದು ಎದುರಿಗೆ ಕೂತು, "ಎಲ್ಲಾದ್ರೂ ಸೇರಿಸು ಮರ್ವ್, ನಂಗೆ ಸಾಯೋಕೆ ಭಯ ಆಗ್ತಿದೆ" ಎಂದಳು. ಮದುವೆಯಾಗಿ ನಲವತ್ತೊಂದು ವರ್ಷ. ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಅಂದಿನಿಂದ ಫೋನ್ ಹಿಡಿದು ಕೂತೆ. ಅಡಿಲೇಡ್‌ನಲ್ಲಿ ದುಡ್ಡು ಕೇಳದೆ ಕುಡಿತ ಬಿಡಿಸುವ ಸರ್ಕಾರಿ ಜಾಗಕ್ಕೆ ಒಂಬತ್ತು ವಾರ ಕಾಯಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಫೋನ್ ಮಾಡಿ "ಇನ್ನೂ ಬೇಕು" ಎನ್ನಬೇಕು, ಮರೆತರೆ ಹೆಸರು ಹೊಡೆದುಹಾಕುತ್ತಾರೆ. ಆರೋಗ್ಯ ವಿಮೆಯನ್ನು ನಾನು ಗಣಿ ಬಿಟ್ಟ ವರ್ಷವೇ ನಿಲ್ಲಿಸಿದ್ದೆವು. ಈಗ ಹೊಸದಾಗಿ ಮಾಡಿಸಿದರೂ ಎರಡು ತಿಂಗಳು ಕಾಯಬೇಕಂತೆ. ಇಂಟರ್ನೆಟ್‌ನಲ್ಲಿ ಸಿಕ್ಕ ಒಬ್ಬ ಜೇನು ಸುರಿಸುವ ದನಿಯವನು ಸಮುದ್ರದ ದಂಡೆಯ ಬಂಗಲೆ, ಯೋಗ, ಒಳ್ಳೆ ಅಡುಗೆಯವನು ಅಂತೆಲ್ಲ ಹೇಳಿ, "ಇವತ್ತು ಅರ್ಧ ಕಟ್ಟಿದ್ರೆ ರೂಮ್ ನಿಮ್ಮದೇ ಸಾರ್" ಎಂದ. ಕಾರ್ಡು ಕೈಯಲ್ಲಿ ಹಿಡಿದಿದ್ದೆ. ಮೊದಲು ಮಾತಾಡಿದ್ದ ಸಹಾಯವಾಣಿಯ ನರ್ಸ್ ನೀಟಾ, ದುಡ್ಡು ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ ಎಂದಿದ್ದಳು. ಕೇಳಿದೆ: "ಫಿಟ್ಸ್ ಬಂದ್ರೆ ನೋಡೋಕೆ ಡಾಕ್ಟರ್ ಯಾವಾಗ್ಲೂ ಇರ್ತಾರಾ?" ಅವನು, "ನಮ್ಮ ಯೋಗ ಟೀಚರ್‌ಗೆ ಪ್ರಥಮ ಚಿಕಿತ್ಸೆ ಗೊತ್ತು" ಎಂದ. ಫೋನ್ ಇಟ್ಟು ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಆ ಒಂದು ಪ್ರಶ್ನೆ ಗೊತ್ತಿಲ್ಲದೆ ಅಲ್ಲಿಗೇ ಕಳಿಸಿದವರು ಎಷ್ಟು ಜನ ಇದ್ದಾರೋ.

ಕೊನೆಗೆ ಡಾಕ್ಟರಮ್ಮನೇ ಅಡಿಲೇಡ್‌ನ ಒಂದು ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟಳು. ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೆಂಟು ಸಾವಿರ ಡಾಲರ್. ಕ್ಯಾರವಾನ್ ಮಾರಿದೆ. ಹೌದು, ಅದರಲ್ಲೇ ನಾವಿಬ್ಬರೂ ದೇಶ ಸುತ್ತುತ್ತೇವೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ, ಅದೇ. ಮಿಲ್ಡುರಾದಿಂದ ಒಂದು ಜೋಡಿ ನೋಡಲು ಬಂತು. ಅಮ್ಮ ಒಳಗೇ ಇರಲಿ ಎಂದುಕೊಂಡಿದ್ದೆ. ಅವಳು ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಗೆ ಬಂದು, ಕಿಟಕಿಯ ಚಿಲಕ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹೇಗೆ ಎತ್ತಬೇಕು ಎಂದೆಲ್ಲ ತೋರಿಸಿದಳು. "ಫ್ರಿಜ್ ಮಾತ್ರ ಬಹಳ ಗಟ್ಟಿ ಕಣಮ್ಮ, ನಾನೇ ಪರೀಕ್ಷೆ ಮಾಡಿದೀನಿ" ಎಂದು ಆ ಹೆಂಗಸಿಗೆ ಹೇಳಿದಾಗ ನಾನು ನೆಲ ನೋಡಿದೆ. ಅಮ್ಮ ನನ್ನ ಕಡೆ ನೋಡಿ ನಕ್ಕಳು. ಕ್ಯಾರವಾನ್ ಬೀದಿಯ ತಿರುವು ದಾಟುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತಿದ್ದೆವು.

ದುಡ್ಡು ಕಟ್ಟಿಯಾಗಿದೆ, ಹಾಸಿಗೆ ಖಾಲಿಯಾಗಬೇಕು, ಮುಂದಿನ ಸೋಮವಾರ ಎಂದಿದ್ದಾರೆ. ಅಲ್ಲಿಯವರೆಗೆ ಕುಡಿತ ನಿಲ್ಲಿಸಬಾರದು, ಹೆಚ್ಚಾಗಲೂ ಬಾರದು ಎಂದು ಡಾಕ್ಟರಮ್ಮ ಅಳತೆ ಬರೆದುಕೊಟ್ಟಿದ್ದಾಳೆ. ಹಾಗಾಗಿ ಈಗ ನಿನ್ನಪ್ಪ ಏನು ಮಾಡುತ್ತಿದ್ದಾನೆ ಗೊತ್ತೇ? ಕುಡಿಯಬೇಡ ಎಂದು ಇಷ್ಟು ವರ್ಷ ಕಾಲು ಹಿಡಿದವನು ನಾಲ್ಕು ಗಂಟೆಗೊಮ್ಮೆ ಕೇಕಿನ ಹಿಟ್ಟು ಅಳೆಯುವ ಕಪ್ಪಿನಲ್ಲಿ ವೈನ್ ಅಳೆದು ಕೊಡುತ್ತಿದ್ದಾನೆ. ಅಂಗಡಿಯವನು ಹಲ್ಲು ಕಿಸಿದು, "ಏನ್ ಮರ್ವ್, ಈಗ ನೀನೂ ಶುರು ಹಚ್ಕೊಂಡ್ಯಾ?" ಎಂದ. ಹೌದು ಎಂದೆ. ಅಮ್ಮ ಕಪ್ಪನ್ನು ಎರಡು ಕೈಯಲ್ಲೂ ಹಿಡಿದು ಕುಡಿಯುತ್ತಾಳೆ. "ಹೆಡ್ಮಾಸ್ಟರ್ ಥರ ತಲೆ ಮೇಲೆ ನಿಲ್ಬೇಡ್ವೋ" ಎಂದು ಬೈಯುತ್ತಾಳೆ. ಕಡಿಮೆಯಾದರೆ ಮತ್ತೆ ಬೀಳುತ್ತಾಳೆಂಬ ಭಯ, ಹೆಚ್ಚಾದರೆ ನಾನೇ ಕೈಯಾರೆ ವಿಷ ಹಾಕಿದಂತಾಗುತ್ತದೆಂಬ ಭಯ. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳಲು ಬಿಡುವುದಿಲ್ಲ. ತೋಟಕ್ಕೆ ನೀರು ಬಿಟ್ಟು ಹತ್ತು ದಿನವಾಯಿತು. ಏನೋ ಬಿದ್ದ ಸದ್ದಾದರೆ ಓಡುತ್ತೇನೆ. ಬಹುಪಾಲು ಅದು ಬೆಕ್ಕು.

ಇಷ್ಟೆಲ್ಲ ಆದ ಮೇಲೂ ಬಿಟ್ಟಾಳೆಂದು ಖಾತ್ರಿಯಿಲ್ಲ. ನೀಟಾ ಮೊದಲೇ ಹೇಳಿದ್ದಾಳೆ, ಇಪ್ಪತ್ತೊಂದು ದಿನ ಬರೀ ಆರಂಭವಂತೆ. ಎರಡನೇ ಸಲಕ್ಕೆ ಮಾರಲು ನಮ್ಮಲ್ಲಿ ಏನೂ ಇಲ್ಲ. ನಿನ್ನಿಂದ ದುಡ್ಡು ಕೇಳುತ್ತಿಲ್ಲಮ್ಮ, ಹಾಗೆ ಖಂಡಿತ ತಿಳಿಯಬೇಡ. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು, ಅಷ್ಟೇ.

ಪಿಪ್ಪಾಳ ಹಣೆಗೆ ನನ್ನದೊಂದು ಮುತ್ತು ಕೊಡು, ಯಾರದೆಂದು ಹೇಳದಿದ್ದರೂ ಸರಿ. ನೀವಿಬ್ಬರೂ ಎಲ್ಲೇ ಇರಿ, ಚೆನ್ನಾಗಿರಿ.

ನಿನ್ನ ಅಪ್ಪ,
ಮರ್ವ್ ಪಾಸ್ಕೋ

ಮರೆಯುವ ಮುನ್ನ: ಲಕೋಟೆ ಅಂಟಿಸುತ್ತಿದ್ದಾಗ ಅಡಿಲೇಡ್‌ನಿಂದ ಫೋನ್ ಬಂತು. ಯಾರೋ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ, ನಾಳೆಯೇ ಕರೆತನ್ನಿ ಎಂದರು. ಬೆಳಿಗ್ಗೆ ಹೊರಡುತ್ತೇವೆ, ದಾರಿ ನಡುವೆ ಯುಂಟಾದಲ್ಲಿ ಕಾರು ನಿಲ್ಲಿಸಿ ಒಂದು ಅಳತೆ ಕೊಡಬೇಕು. ಮೊದಲ ದಿನಗಳಲ್ಲಿ ಫೋನ್ ಇಲ್ಲ. 24ರ ಭಾನುವಾರ ನಾಲ್ಕು ಗಂಟೆಗೆ, ನಿಮ್ಮಲ್ಲಿ ಎರಡೂವರೆ, ಒಂದು ಕರೆಗೆ ಬಿಡುತ್ತಾರಂತೆ. ಯಾರಿಗೆ ಎಂದು ಕೇಳಿದಾಗ, ಇವತ್ತು ಯಾವ ವಾರ ಎಂದು ನೆನಪಿಲ್ಲದವಳು ನಿನ್ನ ನಂಬರನ್ನು ಒಂದು ಅಂಕಿಯೂ ತಡವರಿಸದೆ ಹೇಳಿದಳು. ಅದಕ್ಕೆ ಮೊದಲು ನಿನಗೊಂದು ವಿಷಯ ಗೊತ್ತಿರಬೇಕು. ಅಪಘಾತದ ದಿನ ಪಿಪ್ಪಾಳನ್ನು ಕರೆದುಕೊಂಡು ಐಸ್‌ಕ್ರೀಮಿಗೆ ಹೊರಟಾಗ ಅವಳ ಬಾಯಿಂದ ವಾಸನೆ ಬರುತ್ತಿದ್ದುದು ನನಗೆ ಗೊತ್ತಾಗಿತ್ತು. ಮಗುವಿನ ಮುಂದೆ ಜಗಳ ಯಾಕೆ, ಎರಡು ಬೀದಿ ತಾನೇ ಎಂದು ಕಾರಿನ ಕೀ ಕೊಟ್ಟವನು ನಾನು. ಗೊತ್ತಿರಲಿಲ್ಲ ಎಂದು ಪೊಲೀಸರಿಗೂ ನಿನಗೂ ಸುಳ್ಳು ಹೇಳಿದೆ. ಒಂಬತ್ತು ತಿಂಗಳಾದರೂ ಅಮ್ಮ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬೈಯುವುದಿದ್ದರೆ ನನಗೆ ಬೈ, ಕೆರಿನ್. ಅವಳ ಫೋನ್ ಎತ್ತು.