ಹೊಂಗೆಹಳ್ಳದ ಪೂರ್ವದ ಕಿಟಕಿ

೭-೯-೫೮, ಭಾನುವಾರ

ಪಾಯ ಮುಗಿಯಿತು. ಹಿತ್ತಲಲ್ಲಿ, ನುಗ್ಗೆಮರದ ಬುಡಕ್ಕೆ. ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಉದ್ದ ಇಪ್ಪತ್ತು ಅಂಗುಲ, ಅಗಲ ಹನ್ನೆರಡು. ನ್ಯೂ ಟೌನ್ ಕ್ವಾರ್ಟರ್ಸಿನ ಇತಿಹಾಸದಲ್ಲಿ ಅನುಮತಿ ಇಲ್ಲದೆ ಏಳುತ್ತಿರುವ ಪ್ರಥಮ ರೈಲ್ವೆ ಸ್ಟೇಷನ್. ಕಾರ್ಖಾನೆಯ ಗುಮಾಸ್ತ ನಾನು — ನನ್ನ ಮೇಲೆ ನಾನೇ ಒಂದು ಮೆಮೊ ಟೈಪ್ ಮಾಡಬೇಕು.

ಹಳಿ ಸಿದ್ಧ, ಗುಜರಿ ಪಟ್ಟಿಯದು. ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುತ್ತದೆ. ಎಂಜಿನ್ ಸೈಕಲ್ ಶಾಪಿನ ಅಬ್ಬಾಸ್ ಅಲಿಯ ಕೈಚಳಕ, ಒಳಗೆ ಗ್ರಾಮಫೋನ್ ಸ್ಪ್ರಿಂಗು. ಕೀಲಿ ಕೊಟ್ಟರೆ ಒಂದೂವರೆ ಸುತ್ತು. ಆಮೇಲೆ ನಿಂತು ಯೋಚಿಸುತ್ತದೆ.

ಸ್ಟೇಷನ್ ಮಾತ್ರ ಮಾವನದು — ಹೊಂಗೆಹಳ್ಳ. ಕಾಡಿನ ಸಣ್ಣ ಲೈನು. ಈಗ ಲೈನೂ ಇಲ್ಲ, ಕಟ್ಟಡವೂ ಇಲ್ಲ. ಮಾವ ಶೇಷಪ್ಪನವರು ಒಂಬತ್ತು ವರ್ಷ ಅಲ್ಲಿ ಸ್ಟೇಷನ್ ಮಾಸ್ತರು. ಆಯುಧಪೂಜೆಗೆ ಶಿವಮೊಗ್ಗದಿಂದ ಬಂದು ಹಸಿರು ಬಾವುಟ ತೋರಿಸಬೇಕು. ಹೆಂಡತಿ ಶಕುಂತಲೆಯ ಪ್ಲಾನು. ಅಪ್ಪನಿಗೆ ಎದೆನೋವು ಬಂದಾಗಿನಿಂದ ಅವರನ್ನು ನಗಿಸುವುದೇ ಅವಳ ಉದ್ಯೋಗ. ನನ್ನದು ಹೇಗೂ ಅದೇ, ಪೇಪರಿಗೆ ವಾರಕ್ಕೊಂದು ನಗೆ ಅಂಕಣ.

೧೦-೯

ಕಲ್ಲುಕೆಲಸಕ್ಕೆ ಮುನಿಸಾಮಿ ಸಿಕ್ಕ. ಅದೃಷ್ಟ ಅಂದರೆ ಇದು — ನಿಜವಾದ ಹೊಂಗೆಹಳ್ಳ ಸ್ಟೇಷನ್ ಕಟ್ಟಿದವನೂ ಇವನೇ! ನಕ್ಷೆ ಕೊಟ್ಟೆ. ಹರಡಿ, ಅದರ ಮೇಲೆ ಎಲೆ ಅಡಿಕೆ ಇಟ್ಟುಕೊಂಡ.

"ಕಾಗ್ದ ಬ್ಯಾಡ ಸಾಮಿ. ಕೈಗೆ ನೆಪ್ಪೈತೆ. ಆವತ್ತು ಹೆಂಗ್ ಕಟ್ದೆನೋ ಹಂಗೇ ಕಟ್ತೀನಿ. ಮೊದ್ಲಿಂದು ಮೊದ್ಲು, ಆಮೇಲಿಂದು ಆಮೇಲೆ. ಮಧ್ಯದಿಂದ ಕೇಳಿದ್ರೆ ಕೈಗೆ ಗೊತ್ತಾಗಕಿಲ್ಲ."

ಶಕುಂತಲೆಯ ಜಗಳವೂ ಹೀಗೇ. ಮದುವೆ ದಿನದಿಂದ ಶುರುವಾಗಬೇಕು.

೧೪-೯, ಭಾನುವಾರ

ಮುನಿಸಾಮಿಗೆ ರಜೆ. ಮಾವ ಬಂದಿದ್ದರು. ಊಟಕ್ಕೆ ಕೂತರೆ ಮತ್ತೆ ಮೂವತ್ತೊಂಬತ್ತನೇ ಇಸವಿ ಕಥೆ. ಅನ್ನಕ್ಕೆ ಒಂದು ಸಲ, ಮಜ್ಜಿಗೆಗೆ ಒಂದು ಸಲ.

"ಕುರ್ಚಿ ಮೇಲೆ ಕೂತಿದ್ದೆ. ಪೂರ್ವದ ಕಿಟಕೀಲಿ ಕಣ್ಣಾರೆ ಕಂಡೆ ಕಣಯ್ಯ. ಮೇನ್ ಲೈನ್ ಕೊಡೋ ಅಂದ್ರೆ ಆ ಗೌಸ್ ಪಕ್ಕದ ಲೈನಿನ ಹಿಡಿ ಎಳೀತಾ ಇದಾನೆ!"

ಪ್ಯಾಸೆಂಜರ್ ಗಾಡಿ ಪಕ್ಕದ ಹಳಿಗೆ ನುಗ್ಗಿ, ನಿಂತಿದ್ದ ವ್ಯಾಗನ್ನುಗಳಿಗೆ ಗುದ್ದಿತು. ಫೈರ್‌ಮನ್ ಸತ್ತ. ಪಾಯಿಂಟ್ಸ್‌ಮನ್ ಗೌಸ್ — ಹಿಡಿ ಎಳೆದು ಹಳಿ ಬದಲಿಸುವವನು — ಮಾಸ್ತರು ಹೇಳಿದ ಹಿಡಿಯನ್ನೇ ಎಳೆದೆ ಅಂದ. ಮಾಸ್ತರು, ಕಿಟಕಿಯಿಂದ ನೋಡಿದೆ ಅಂದರು. ಕಿಟಕಿ ಗೆದ್ದಿತು. ಗೌಸ್‌ಗೆ ಎರಡು ವರ್ಷ ಜೈಲು.

"ಆ ಕಿಟಕಿ ಮಾತ್ರ ನಾನೇ ಮಾಡ್ತೀನಿ. ತೇಗದ್ದು," ಎಂದರು ಮಾವ. ಅಳತೆ ಕೇಳಲಿಲ್ಲ.

೧೯-೯

ಅಂಕಣ ಬಂತು. ಮುಷ್ಟಿಗಾತ್ರದ ಪ್ರಯಾಣಿಕರಿಗೆ ಗೇಣುದ್ದದ ಪ್ಲಾಟ್‌ಫಾರಂ, ಇತ್ಯಾದಿ. ಮಾವನ ಕಿಟಕಿಯ ಸಾಹಸವನ್ನೂ ಸೇರಿಸಿದೆ. ಆಫೀಸಿನಲ್ಲಿ ನಾಲ್ವರು ನಕ್ಕರು. ಐದನೆಯವನು ನನ್ನ ಮೇಲಧಿಕಾರಿ.

೮-೧೦

ಹತ್ತೊಂಬತ್ತು ದಿನ ಬರೆದಿಲ್ಲ. ಗೋಡೆ ನೋಡುತ್ತ ಕೂತಿದ್ದೆ. ಬೆಲ್ಲದಚ್ಚಿನಷ್ಟು ಕಲ್ಲು, ಸಾಲಿನ ಮೇಲೆ ಸಾಲು. ಇವತ್ತು ಪೂರ್ವದ ಗೋಡೆ ಸೂರಿಗೆ ಮುಟ್ಟಿತು. ಇಡೀ ಗೋಡೆ. ತೂತಿಲ್ಲ.

"ಕಿಟಕಿ ಎಲ್ಲಯ್ಯ?"

"ಅದು ಆಮೇಲಿಂದು ಸಾಮಿ."

"ಯಾವಾಗಿಂದು?"

"ಗಾಡಿ ಗುದ್ದಿದ ಮೇಲಿಂದು. ಪೋಲೀಸ್ನೋರು ಗೌಸಣ್ಣನ್ನ ಕರ್ಕೊಂಡ್ ಹೋಗಿ ನಾಲ್ಕ್ ದಿನ ಆಗಿತ್ತು. ದೊಡ್ಡ ಸಾಹೇಬ್ರು ಬತ್ತಾರೆ, ಒಳಗೆ ಕತ್ಲೆ, ಬೇಗ ಕೊರಿ ಅಂದ್ರು ಮಾಸ್ತರು. ಒಂದೇ ದಿನ್ದಾಗೆ ಕೊರ್ದೆ. ಅಂಚು ಸರ್ಯಾಗ್ ಬರ್ಲಿಲ್ಲ. ಈಗ್ಲೂ ನಾಚ್ಕೆ ಆಯ್ತದೆ."

"ಯಾರಿಗಾದ್ರೂ ಹೇಳಿದ್ಯಾ?"

"ಅಂಚಿನ ಇಚಾರನಾ?"

ನಗಬೇಕಿತ್ತು. ಆಗಲಿಲ್ಲ.

೧೨-೧೦, ಭಾನುವಾರ

ಬಾಗಿಲಲ್ಲಿ ಒಬ್ಬ ಮುದುಕಿ. ಬಿಳಿ ಸೆರಗು, ಕೈಯಲ್ಲಿ ಮಡಿಸಿದ ಪೇಪರು — ನನ್ನದೇ ಅಂಕಣ.

"ಅಬ್ಬಾಸ್ ಭಾಯ್ ಓದಿ ಹೇಳಿದ್ರು ಸಾಬ್. ಭಾಳ ನಗು ಬರುತ್ತೆ ಅಂದ್ರು. ನಾನು ಸರ್ವರ್ ಬೀ. ಗೌಸ್ ಮನೆಯವ್ಳು."

ಹಿತ್ತಲಿಗೆ ಕರೆದೊಯ್ದೆ. ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೆಂಕಿಕಡ್ಡಿಯಷ್ಟಿರುವ ಹಿಡಿಯನ್ನು ಬೆರಳಲ್ಲಿ ಮುಟ್ಟಿದರು, ಬಿಸಿ ಇದೆಯೇನೋ ಎಂಬಂತೆ.

"ನಮ್ಮವ್ರು ಇಲ್ಲೇ ನಿಲ್ತಿದ್ರಾ?"

"ಹೌದಮ್ಮ."

"ಜೈಲಿಂದ ಬಂದ್ಮೇಲೆ ಒಂದೇ ಮಾತು ಸಾಬ್. ಯಾವ ಕಿಟಕಿ, ಯಾವ ಕಿಟಕಿ... ತಲೆ ಕೆಟ್ಟಿದೆ ಅಂದ್ರು ಜನ. ನಾನೂ ಅಂದೆ. ಹಂಗೇ ಕೇಳ್ಕೊಂಡು ಹೋಗ್ಬಿಟ್ರು." ಗೋಡೆ ನೋಡಿದರು. "ಎಲ್ಲಿದೆ ಸಾಬ್ ಅದು?"

"ಇನ್ನೂ ಇಡಬೇಕಮ್ಮ."

ಅಂಕಣ ಬರೆಯುವ ಈ ಹದಿನೈದು ವರ್ಷದಲ್ಲಿ ನಾನು ಆಡಿದ ಅತಿ ಹೊಲಸು ನಿಜ.

"ಪೂಜೆ ದಿನ ಬರ್ಲಾ? ಆ ಕಿಟಕೀಲಿ ಒಂದ್ಸಲ ನೋಡ್ತೀನಿ. ಅಲ್ಲಿಂದ ನಮ್ಮವ್ರು ಹೆಂಗೆ ಕಾಣ್ತಿದ್ರು ಅಂತ."

ಬನ್ನಿ ಅಂದೆ. ಬೇರೇನು ಅನ್ನಲಿ?

೧೯-೧೦

ಶಕುಂತಲೆಗೆ ಹೇಳಬೇಕೆಂದು ಮೂರು ಸಲ ಅಡುಗೆಮನೆಗೆ ಹೋದೆ. ಮೂರು ಸಲವೂ ಒಂದೊಂದು ಜೋಕು ಹೇಳಿ ವಾಪಸ್ಸು. ಮೂರನೆಯದಕ್ಕೆ ಅವಳು ನಗಲಿಲ್ಲ. "ಏನಾಗಿದೆ ನಿಮಗೆ?" ಅಂದಳು. ಡಾಕ್ಟರು ಹೇಳಿದ್ದಾರೆ: ಅವರಪ್ಪನ ಎದೆಗೆ ಆಘಾತ ಕೂಡದು.

ಎಂಜಿನ್ನಿಗೆ ಕೀಲಿ ಕೊಟ್ಟೆ. ಅರ್ಧ ಸುತ್ತು ಬಂದು ಪೂರ್ವದ ಗೋಡೆಯೆದುರು ನಿಂತಿತು. ಎಣ್ಣೆ ಹಾಕಿದೆ. ಮತ್ತೆ ಅಲ್ಲೇ.

೨೧-೧೦, ಆಯುಧಪೂಜೆ. ಬೆಳಿಗ್ಗೆ ೧೦-೨೦

ಕರ್ಪೂರ ತರುವ ನೆಪದಲ್ಲಿ ಒಳಗೆ ಬಂದಿದ್ದೇನೆ.

ಎಲ್ಲರೂ ಹಿತ್ತಲಲ್ಲಿ. ಎಂಜಿನ್ನಿಗೆ ಕುಂಕುಮ, ಚೆಂಡುಹೂವು. ನುಗ್ಗೆಮರದ ಕೆಳಗೆ ಸರ್ವರ್ ಬೀ. ಮಾವ ಅವರನ್ನು ಗುರುತಿಸಲಿಲ್ಲ. ಮುನಿಸಾಮಿಯನ್ನು ಗುರುತಿಸಿದರು. ನಗು ಅಲ್ಲೇ ನಿಂತಿತು. ಗೋಡೆ ನೋಡಿದರು.

"ಕಿಟಕಿ ಯಾರು ಮುಚ್ಚಿದ್ದು?"

"ಮುಚ್ಚಿಲ್ಲ ಸಾಮಿ. ಇನ್ನೂ ತೆಗೆದಿಲ್ಲ."

ಮಾವ ಕರ್ಚೀಫು ಬಿಚ್ಚಿದರು. ತೇಗದ ಕಿಟಕಿ, ನಾಲ್ಕು ಸರಳು, ಹೊಳೆಯುವ ಹಾಗೆ ಉಜ್ಜಿದ್ದಾರೆ. "ಕೊರಿ," ಅಂದರು. "ಬೇಗ ಕೊರಿ."

ಮುನಿಸಾಮಿ ನನ್ನ ಮುಖ ನೋಡಿದ. "ಕೊರೀಲಾ ಸಾಮಿ?" ಸರ್ವರ್ ಬೀಯೂ ನೋಡಿದರು. ಶಕುಂತಲೆಯೂ. ಕರ್ಪೂರ ತರ್ತೀನಿ ಅಂದೆ.

ಕರ್ಪೂರ ಎದುರಿಗೇ ಇದೆ. ಹೊರಗೆ ಉಳಿಯ ಸದ್ದು ಶುರುವಾಯಿತು. ಟಕ್, ಟಕ್. ಸಣ್ಣ ಗೋಡೆ, ಒಂದು ದಿನ ಬೇಕಿಲ್ಲ. ಐದು ನಿಮಿಷ. ಆಮೇಲೆ ಆ ಮುದುಕಿ ಬಗ್ಗಿ ಅದರೊಳಗಿಂದ ನೋಡುತ್ತಾರೆ. ಗಂಡನಿಗೆ ತಲೆ ಕೆಟ್ಟಿತ್ತೆಂದು ಎರಡನೇ ಸಲ ನಂಬುತ್ತಾರೆ. ಈ ಸಲ ಅವರನ್ನು ನಂಬಿಸಿದವನು ನಾನು.

ಟಕ್. ಈ ಸಾಲು ಮುಗಿಸಿ ಹೋಗೋಣವೆಂದರೆ ಅಷ್ಟರಲ್ಲಿ ಕಿಟಕಿ ಆಗಿಹೋಗಿರುತ್ತದೆ. ಸಾಲು ಹಾಳಾಗಲಿ, ನಾ—